ವಿಮಾನದ ಶಾಲೆ ನೋಡಿ ಬಂದದ್ದು

ಕಳೆದ ಗುರುವಾರ ಬೆಳಿಗ್ಗೆ ಪೇಪರ್ ಬಿಡಿಸುತ್ತಿದ್ದಂತೆ ಅದರೊಳಗಿಂದ ಒಂದು ಬಣ್ಣದ ಕರಪತ್ರ ಜಾರಿ ಚಹಾದ ಲೋಟದ ಪಕ್ಕ ಬಿತ್ತು. ಮಸಿಯ ವಾಸನೆ ಇನ್ನೂ ಹಸಿಯಾಗಿತ್ತು. ನಮ್ಮ ಅಂಕೋಲೆಯಲ್ಲಿ ಪೇಪರಿನೊಳಗೆ ಬರುವ ಕರಪತ್ರಗಳು ಸಾಮಾನ್ಯವಾಗಿ ಮೂಲವ್ಯಾಧಿಯ ಔಷಧಿಯವು, ಇಲ್ಲವೇ ಸೀರೆಯ ರಿಯಾಯಿತಿ ಮಾರಾಟದವು. ಓದಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಇದರಲ್ಲಿ ಮಾತ್ರ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಚಿನ್ನದ ಬಣ್ಣದ ಪಟ್ಟಿ ಹಚ್ಚಿಕೊಂಡ ಹುಡುಗಿಯೊಬ್ಬಳು ಪುಟ್ಟ ವಿಮಾನಕ್ಕೆ ಒರಗಿ ನಗುತ್ತಿದ್ದಳು. ನಿಮ್ಮ ಮಗಳೂ ಪೈಲಟ್ ಆಗಬಹುದು, ಹದಿನೆಂಟೇ ತಿಂಗಳು ಸಾಕು, ಭಾನುವಾರ ಕಾರವಾರದಲ್ಲಿ ಉಚಿತ ಮಾಹಿತಿ ಸಭೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಆ ಹುಡುಗಿ ಯಾರೋ ನನಗೆ ತಿಳಿಯದು. ಅವಳ ಹಿಂದಿನ ತಗಡಿನ ಶೆಡ್ಡನ್ನು ಮಾತ್ರ ಚೆನ್ನಾಗಿ ಬಲ್ಲೆ. ಅದರ ಬಾಗಿಲಿನ ಎಡಗಡೆ ನೀಲಿ ಬಣ್ಣ ಕಿತ್ತು ಹೋದ ಜಾಗವನ್ನೂ ಬಲ್ಲೆ. ಶಾಲೆಗೆ ಹೊಸ ಹೆಸರು ಇಟ್ಟಿದ್ದಾರೆ, ಬಾಗಿಲಿಗೆ ಬಣ್ಣ ಬಳಿಯಲು ಮಾತ್ರ ಪುರುಸೊತ್ತಾಗಿಲ್ಲ. ಕರಪತ್ರದ ಅಡಿಯಲ್ಲಿ ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ ಎಂದು ಒಂದು ಹೆಸರಿತ್ತು: ಸುಪ್ರಿಯಾ. ಸುಪ್ರಿಯಾ ನನ್ನ ತಂಗಿಯ ಮಗಳು. ಅವಳು ಅದೇ ಶಾಲೆಯಲ್ಲಿ ಪೈಲಟ್ ಆಗಲು ಹೋಗಿ, ಆಗದೆ ಹಿಂದಿರುಗಿದವಳು. ಆ ಶಾಲೆಯನ್ನು ಅವಳಿಗೆ ಆರಿಸಿ ಕೊಟ್ಟವನು ನಾನು.

"ಅದನ್ನ ಹರ್ದು ಬಿಸಾಡಿ" ಎಂದಳು ಹೆಂಡತಿ, ಒಳಗಿನಿಂದ. "ಓದ್ತಾ ಕೂತ್ರೆ ಮತ್ತೆ ಎರಡು ದಿವಸ ಊಟ ಬಿಡ್ತ್ರಿ ನೀವು."

ಹರಿಯಲಿಲ್ಲ. ಕೊನೆಯ ಸಾಲಿನ ತನಕ ಓದಿದೆ.

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನಿಗೂ ವಿಮಾನದ ಶಾಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇಲ್ಲ. ನನಗೆ ಇದ್ದದ್ದು ಮನೆ ನೋಡುವ ಹೆಸರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿ ಬರುವ ಪದ್ಧತಿ ಉಂಟಲ್ಲ, ಅದರಲ್ಲಿ ನಾನು ಪಳಗಿದ ಕೈ. ಹತ್ತಿಪ್ಪತ್ತು ಹುಡುಗಿಯರ ಸಂಸಾರ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ. ನನ್ನ ಕ್ರಮ ಬಹಳ ಸರಳ. ಹುಡುಗನ ಮನೆಯವರು ಕರೆದ ದಿನ ಹೋಗುವುದು ಶಾಸ್ತ್ರಕ್ಕೆ. ನಿಜವಾಗಿ ನೋಡುವುದು ಅದಕ್ಕೂ ಎಂಟು ದಿನ ಮೊದಲು, ಯಾರಿಗೂ ಹೇಳದೆ. ಒಂದು ಸ್ಟಾಪ್ ಹಿಂದೆಯೇ ಬಸ್ಸಿಳಿಯಬೇಕು. ಆ ಮನೆಗೆ ಎರಡು ಮನೆ ಈಚೆ ಯಾರದಾದರೂ ಅಂಗಳದಲ್ಲಿ ನಿಂತು ಕುಡಿಯಲು ನೀರು ಕೇಳಬೇಕು. ನೀರಿನ ಜೊತೆ ಬೆಲ್ಲ ಬರುತ್ತದೆ, ಬೆಲ್ಲದ ಜೊತೆ ಮಾತು ಬರುತ್ತದೆ.

ಒಮ್ಮೆ ರಾಮನಗುಳಿಯಲ್ಲಿ ಹೀಗೇ ನೀರು ಕೇಳಿ ಕೂತು, ಬತ್ತದ ಸುದ್ದಿ, ಕರುವಿನ ಸುದ್ದಿ ಎಲ್ಲ ಮುಗಿಸಿ, ಪಕ್ಕದ ದೊಡ್ಡ ಹಂಚಿನ ಮನೆ ಯಾರದು, ಬಹಳ ಚೆಂದ ಇದೆ ಎಂದೆ. ಆ ಮನೆಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೆಂದ ಅದೆ. ಒಲೆ ಎರಡು ಅದೆ" ಎಂದಳು. ಅಷ್ಟು ಸಾಕಾಯಿತು. ಅಣ್ಣ ತಮ್ಮಂದಿರು ಮಾತು ಬಿಟ್ಟು ಒಂದೇ ಸೂರಿನಡಿ ಬೇರೆ ಬೇರೆ ಬೇಯಿಸಿ ತಿನ್ನುತ್ತಿದ್ದಾರೆ ಎಂದು ಅರ್ಥ. ಬಂದ ಬಸ್ಸಿನಲ್ಲೇ ಹಿಂದಿರುಗಿದೆ. ಆ ಹುಡುಗಿಗೆ ಬೇರೆ ಕಡೆ ಆಯಿತು, ಸುಖವಾಗಿದ್ದಾಳೆ, ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾಳೆ. ಇಂಥ ಫೋನುಗಳು ಮನುಷ್ಯನ ತಲೆ ಕೆಡಿಸುತ್ತವೆ.

ತಂಗಿಯನ್ನು ಕೊಟ್ಟದ್ದು ಕಾರವಾರದ ಹತ್ತಿರದ ಅರ್ಗಾಕ್ಕೆ. ಅವರ ಗದ್ದೆ, ಮನೆ, ಬಾವಿ ಎಲ್ಲ ನೌಕಾನೆಲೆಗೆ ಹೋದವು. ಭಾವ ಪುನರ್ವಸತಿಯ ಕಾಲೊನಿಯಲ್ಲಿ ಮನೆ ಕಟ್ಟಿ, ನೆಲೆಯೊಳಗೆ ಗುತ್ತಿಗೆದಾರನ ಕೈಕೆಳಗೆ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ. ದಿನಾ ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಹೋಗಿ, ಒಂದು ಕಾಲದಲ್ಲಿ ತಾನೇ ನೇಗಿಲು ಹೂಡುತ್ತಿದ್ದ ಜಾಗದ ಹುಲ್ಲು ಸಮ ಮಾಡಿ ಬರುತ್ತಿದ್ದ. ಇದನ್ನು ಅವನು ದುಃಖದಿಂದ ಹೇಳಿದ್ದನ್ನು ನಾನು ಕೇಳಿಲ್ಲ. "ನಮ್ಮ ಮಣ್ಣು ಒಳ್ಳೇದು, ಹುಲ್ಲು ಬೇಗ ಬೆಳೀತದೆ" ಎನ್ನುತ್ತಿದ್ದ. ಕೋರ್ಟಿನಿಂದ ಹೆಚ್ಚುವರಿ ಪರಿಹಾರ ಬಂದಾಗ ಸುಪ್ರಿಯಾ ಪಿಯುಸಿ ಮುಗಿಸಿದ್ದಳು. ಲೆಕ್ಕ, ಭೌತಶಾಸ್ತ್ರ ಎರಡರಲ್ಲೂ ಜಾಣೆ. ನರ್ಸಿಂಗಿಗೋ ಡಿ.ಎಡ್ಡಿಗೋ ಹೋಗುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿರುವಾಗ, ಪೈಲಟ್ ಆಗುತ್ತೇನೆ ಎಂದಳು.

"ಯಾಕೆ ಹೆಣೆ, ಬಸ್ಸು ಸಾಲೂದಿಲ್ಲೋ ನಿಂಗೆ?" ಎಂದೆ.

"ನಮ್ಮ ಹಳೇ ಮನೆ ಜಾಗ ನೆಲದಿಂದ ನೋಡೂಕೆ ಬಿಡೂದಿಲ್ಲ ಮಾವ" ಎಂದಳು. "ಮೇಲಿಂದಾದ್ರೂ ಕಾಂಬುದೋ ನೋಡ್ವಾ."

ತಮಾಷೆಗೆ ಹೇಳಿದ್ದು. ಭಾವ ಮಾತ್ರ ನಗಲಿಲ್ಲ. ಅವನು ಒಂದು ತಿಂಗಳು ಏನೂ ಹೇಳದೆ ಇದ್ದು, ಒಂದು ದಿನ ನನ್ನ ಮನೆಗೆ ಬಂದು, "ಗದ್ದೆ ದುಡ್ಡು ಬ್ಯಾಂಕಿನಲ್ಲಿ ಕೂತು ಏನ ಮಾಡ್ತದೆ? ಕಲೀಲಿ. ಶಾಲೆ ಮಾತ್ರ ನೀವೇ ನೋಡಿ ಹೇಳ್ಬೇಕು" ಎಂದ. ಆ ಹಣ ಹೋದರೆ ಮತ್ತೆ ಬರುವಂಥದಲ್ಲ. ಗದ್ದೆ ಎರಡನೆಯ ಸಲ ಮಾರಲು ಆಗುವುದಿಲ್ಲ. ಇದು ನನಗೆ ಗೊತ್ತಿದ್ದೇ ನಾನು ಒಪ್ಪಿಕೊಂಡೆ.

ಸುಪ್ರಿಯಾ ಅಷ್ಟರಲ್ಲಿ ತಾನೇ ನಾಲ್ಕು ಶಾಲೆಗಳ ಕಾಗದ ತರಿಸಿಕೊಂಡಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟಿದ್ದಳು. ಹತ್ತೊಂಬತ್ತು ಪ್ರಶ್ನೆ. ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಎಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಜನ ಕಲಿಸುವವರು, ಕಳೆದ ತಂಡದವರಿಗೆ ಇನ್ನೂರು ತಾಸು ಹಾರಾಟ ಮುಗಿಯಲು ಎಷ್ಟು ತಿಂಗಳು ಹಿಡಿಯಿತು, ಮಳೆಗಾಲದಲ್ಲಿ ಏನು ಮಾಡುತ್ತೀರಿ. ಇನ್ನೂರು ತಾಸು ಹಾರದೆ ಲೈಸೆನ್ಸು ಸಿಗುವುದಿಲ್ಲ ಎಂಬುದು ನನಗೆ ತಿಳಿದದ್ದೇ ಆ ನೋಟ್‌ಬುಕ್ಕಿನಿಂದ. ಅವಳ ಮನಸ್ಸು ಇದ್ದದ್ದು ಒಂದು ಹಳೆಯ ಸಣ್ಣ ಶಾಲೆಯ ಮೇಲೆ. ಅಲ್ಲಿ ಸೀಟಿಗೆ ಒಂದು ವರ್ಷ ಕಾಯಬೇಕಿತ್ತು. ಫೋಟೋದಲ್ಲಿ ಅದರ ಗೋಡೆಗೆ ಪಾಚಿ ಹಿಡಿದಿತ್ತು. ಪಾಚಿ ಹಿಡಿದ ಗೋಡೆಯ ಮನೆಗೆ ನಾನು ಹೆಣ್ಣು ಕೊಡಿಸಿದವನಲ್ಲ. ಇನ್ನೊಂದು ಶಾಲೆ ಘಟ್ಟದ ಮೇಲೆ, ಪಕ್ಕದ ರಾಜ್ಯದಲ್ಲಿ. ಅವರೇ ಫೋನು ಮಾಡಿ, ಕುಟುಂಬ ಸಮೇತ ಬನ್ನಿ, ಸ್ಟೇಷನ್ನಿಗೆ ಕಾರು ಕಳಿಸುತ್ತೇವೆ ಎಂದರು. ಮರ್ಯಾದೆಯ ಜನ ಎಂದುಕೊಂಡೆ.

ಭಾವ, ಸುಪ್ರಿಯಾ, ನಾನು ಮೂವರೂ ಹೊರಟೆವು. ರೈಲಿನಲ್ಲಿ ಸುಪ್ರಿಯಾ ನೋಟ್‌ಬುಕ್ ತೆಗೆದು, "ಮಾವ, ಇದ್ರಲ್ಲಿ ಯಾವ್ಯಾವುದು ನೀವು ಕೇಳ್ತ್ರಿ, ಯಾವ್ಯಾವುದು ನಾ ಕೇಳ್ಲಿ?" ಎಂದಳು.

ನಾನು ಹೇಳಿದ್ದು ಈಗಲೂ ಶಬ್ದ ಬಿಡದೆ ನೆನಪಿದೆ. "ಹೀಂಗೆಲ್ಲ ಬರ್ಕಂಡು ಹೋಗಿ ಕೇಳಿದ್ರೆ ಅವ್ರು ಏನು ತಿಳ್ಕಂಬುದು? ಪೊಲೀಸ್ರು ಬಂದ್ರು ಅಂದ್ಕಂತ್ರು. ನಾನಿದ್ದೇನಲ್ಲ. ನೀ ಸುಮ್ನೆ ಕೂತ್ಕ."

ಮನೆ ನೋಡಲು ಹೋದಲ್ಲಿ ಹುಡುಗಿ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ. ಹುಡುಗಿಯನ್ನು ಕರೆದುಕೊಂಡು ಹೋಗುವ ರೂಢಿಯೇ ಇಲ್ಲ. ಕರೆದುಕೊಂಡು ಹೋದದ್ದೇ ನನ್ನ ದೊಡ್ಡ ಉಪಕಾರ ಎಂಬ ಭಾವನೆಯಲ್ಲಿ ನಾನಿದ್ದೆ.

ಕಾರು ಬಂದಿತ್ತು. ತಣ್ಣಗಿನ ಕಾರು. ಶಾಲೆಯ ಗೇಟಿನ ಎದುರು ರಸ್ತೆಯ ಆಚೆ ಬದಿಗೆ ಒಂದು ಚಹಾದ ಗೂಡಂಗಡಿ ಇತ್ತು. ಇಬ್ಬರು ಮೂವರು ಹುಡುಗರು ಬೆಂಚಿನ ಮೇಲೆ ಕೂತಿದ್ದರು. ಬೇರೆ ಯಾವ ಮನೆಗಾದರೂ ಹೋಗಿದ್ದರೆ ನಾನು ಮೊದಲು ಕಾಲಿಡುತ್ತಿದ್ದುದು ಅಲ್ಲಿಗೇ. ಅಂದು ನಿಲ್ಲಿಸು ಎನ್ನಬೇಕು ಎಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ. ಅವರದೇ ಕಾರಿನಲ್ಲಿ ಕೂತು ಅವರ ಬಗ್ಗೆಯೇ ಬೀದಿಯಲ್ಲಿ ವಿಚಾರಿಸುವುದು ಹೇಗೆ ಎಂಬ ದಾಕ್ಷಿಣ್ಯ. ಡ್ರೈವರ್ ಏನು ಅಂದುಕೊಂಡಾನು ಎಂಬ ನಾಚಿಕೆ. ಆ ನಾಚಿಕೆಯನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆ ಬರುತ್ತದೆ.

ಒಳಗೆ ಹೆಗಲ ಮೇಲೆ ನಾಲ್ಕು ಪಟ್ಟಿಯ ಅಂಗಿ ತೊಟ್ಟ ಅಧಿಕಾರಿಯೊಬ್ಬರು ನನ್ನನ್ನು ಸರ್ ಎಂದು ಕರೆದರು. ಮೂವತ್ತು ವರ್ಷ ಡ್ರೈವರ್ ಕಂಡಕ್ಟರುಗಳ ಬಾಯಿಂದ ಏನೇನೋ ಕರೆಸಿಕೊಂಡವನಿಗೆ ಆ ಸರ್ ನೆತ್ತಿಗೇರಿತು. ಕರಾವಳಿಯ ಜನ ಎಂದು ಊಟಕ್ಕೆ ಮೀನು ಮಾಡಿಸಿದ್ದರು. ಕೆರೆಯ ಮೀನು, ಆದರೂ ಭಾವ ಎರಡು ಸಲ ಹಾಕಿಸಿಕೊಂಡ. ಹಾಸ್ಟೆಲಿನ ಕಿಟಕಿಗೆ ಸರಳು ಇದೆಯೋ, ನೀರು ಇಪ್ಪತ್ನಾಲ್ಕು ತಾಸು ಬರುತ್ತದೋ, ವಾರ್ಡನ್ ಹೆಂಗಸೋ ಎಂದು ನಾನು ವಿಚಾರಿಸಿದೆ. ಎಲ್ಲ ಸರಿಯಾಗಿತ್ತು. ಆಮೇಲೆ ಶೆಡ್ಡಿಗೆ ಕರೆದೊಯ್ದರು. ಒರೆಸಿ ಥಳಥಳ ಮಾಡಿದ ಆರು ವಿಮಾನಗಳು. ಭಾವ ಕೊಟ್ಟಿಗೆಯ ದನ ಎಣಿಸುವ ಹಾಗೆ ಬೆರಳು ಮಡಚಿ ಎಣಿಸಿದ. ಸುಪ್ರಿಯಾ ನೋಟ್‌ಬುಕ್ ತೆರೆದಳು. ನಾನು ಅವಳ ಮೊಣಕೈ ಒತ್ತಿದೆ. ಏನಾದರೂ ಕೇಳುವುದಿದೆಯೇ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ನೋ ಸರ್, ನೋ ಸರ್ ಎಂದೆ. ಅವಳು ನೋಟ್‌ಬುಕ್ ಮುಚ್ಚಿದಳು.

ನಾನು ಯಾರು ಎಂಬುದನ್ನು ಇಲ್ಲಿ ಇನ್ನೊಮ್ಮೆ ಹೇಳಬೇಕು. ನಾನು ಬಸ್ ಕಂಟ್ರೋಲರ್. ಡಿಪೋದಲ್ಲಿ ನಿಂತ ಬಸ್ಸಿನ ಲೆಕ್ಕ ಬೇರೆ, ಬೆಳಿಗ್ಗೆ ಮಾರ್ಗಕ್ಕೆ ಬೀಳುವ ಬಸ್ಸಿನ ಲೆಕ್ಕ ಬೇರೆ ಎಂದು ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಹೇಳುತ್ತಿದ್ದವನು. ಟಯರ್ ಇಲ್ಲದ್ದು, ಗೇರ್‌ಬಾಕ್ಸ್ ಹೋದದ್ದು, ಡ್ರೈವರ್ ರಜೆಯ ಮೇಲಿದ್ದು ನಿಂತದ್ದು, ಎಲ್ಲವೂ ಕಾಗದದ ಮೇಲೆ ಬಸ್ಸೇ. ಭೂಮಿಯ ಮೇಲೆ, ಆರರಲ್ಲಿ ಹಾರುವುದು ಎಷ್ಟು ಎಂಬ ಈ ಒಂದು ಪ್ರಶ್ನೆಯನ್ನು ಕೇಳಲು ಹುಟ್ಟಿದ ಮನುಷ್ಯ ಯಾರಾದರೂ ಇದ್ದರೆ ಅದು ನಾನೇ. ನಾನು ಕೇಳಿದ್ದು ಕಿಟಕಿಯ ಸರಳು.

ಮೊದಲ ಆರು ತಿಂಗಳು ಪಾಠ, ಪರೀಕ್ಷೆ. ಎಲ್ಲ ವಿಷಯಗಳಲ್ಲೂ ಒಂದೇ ಪ್ರಯತ್ನಕ್ಕೆ ಪಾಸಾದಳು. ಆಮೇಲೆ ಹಾರುವ ಸರದಿಗೆ ಕಾಯುವುದು ಶುರುವಾಯಿತು. ಭಾನುವಾರ ಭಾನುವಾರ ನಾನು ಫೋನಿನಲ್ಲಿ, "ಈ ವಾರ ಎಷ್ಟು ತಾಸು ಆತು?" ಎಂದು ಕೇಳುತ್ತಿದ್ದೆ. "ಗಾಳಿ ಅದೆ ಮಾವ" ಎನ್ನುತ್ತಿದ್ದಳು. ಮುಂದೆ, ಎಂಜಿನ್ನಿಗೆ ಸಾಮಾನು ಬರಬೇಕು ಎಂದಳು. ಅದಕ್ಕೂ ಮುಂದೆ, ಕಲಿಸುವವರು ಬಿಟ್ಟು ಹೋದರು, ಹೊಸಬರು ಬರಬೇಕು ಎಂದಳು. ತಾಳ್ಮೆ ಬೇಕು, ಹೊಸ ಮನೆಯಲ್ಲಿ ಮೊದಮೊದಲು ಹಾಗೇ, ಹೊಂದಿಕೊಂಡು ಹೋಗಬೇಕು ಎಂದು ನಾನು ಬುದ್ಧಿ ಹೇಳಿದೆ. ಗಂಡನ ಮನೆಯಿಂದ ಅಳುತ್ತ ಫೋನು ಮಾಡಿದ ಹುಡುಗಿಯರಿಗೆ ಹೇಳುತ್ತಿದ್ದ ಅದೇ ಮಾತು. ಎರಡೂವರೆ ವರ್ಷದಲ್ಲಿ ಅವಳಿಗೆ ಸಿಕ್ಕಿದ್ದು ಅರವತ್ತೊಂದು ತಾಸು. ಅಷ್ಟರಲ್ಲಿ ಶಾಲೆಯವರು ದರ ಏರಿದೆ ಎಂದು ಇನ್ನೊಂದು ಕಂತು ಕೇಳಿದರು. ಕೊಡಲು ಭಾವನಲ್ಲಿ ಗದ್ದೆ ಉಳಿದಿರಲಿಲ್ಲ. ಕಟ್ಟಿದ್ದರಲ್ಲಿ ಒಂದು ಬಿಡಿಗಾಸೂ ಹಿಂದಿರುಗಲಿಲ್ಲ.

ಅವಳ ಟ್ರಂಕು ತರಲು ನಾನೇ ಹೋದೆ. ಈ ಸಲ ಕಾರು ಬರಲಿಲ್ಲ. ಅವಳು ಒಳಗೆ ಸಹಿ ಮಾಡಿ ಬರುವ ತನಕ ಗೇಟಿನ ಎದುರಿನ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ಕೂತೆ. ಅಂಗಡಿಯವನು ಮರಾಠಿಯವನು, ನನಗೂ ಕಾರವಾರದ ಕಡೆಯ ಮರಾಠಿ ಅಷ್ಟಿಷ್ಟು ಬರುತ್ತದೆ. ಒಂದು ಚಹಾ ಮುಗಿಯುವುದರೊಳಗೆ ಅವನು ಎಲ್ಲ ಹೇಳಿದ. ಆರು ವಿಮಾನಗಳಲ್ಲಿ ಹಾರುವುದು ಒಂದೇ, ಹಬ್ಬಕ್ಕೊಮ್ಮೆ ಎರಡು. ಉಳಿದವಕ್ಕೆ ಎಂಜಿನ್ನೇ ಇಲ್ಲ, ಯಾರಾದರೂ ನೋಡಲು ಬರುತ್ತಾರೆ ಎಂದರೆ ಒರೆಸಿ ಇಡುತ್ತಾರೆ. ಎಂಬತ್ತು ಹುಡುಗರು. ಅವರು ಇಡೀ ದಿನ ಇಲ್ಲೇ ಕೂತು ಚಹಾ ಕುಡಿಯುವುದರಿಂದ ತನಗೆ ವ್ಯಾಪಾರ ಚೆನ್ನಾಗಿದೆ. ನಾವು ಬಂದು ಹೋದ ವರ್ಷವೂ ಹೀಗೇ ಇತ್ತೋ ಎಂದು ಕೇಳಿದೆ. ಅದಕ್ಕೂ ಮೊದಲಿನಿಂದ ಹೀಗೇ ಎಂದ. "ತಂದೆತಾಯಿಯರು ಬರುತ್ತಾರೆ, ಕಾರಿನಲ್ಲಿ ಒಳಗೆ ಹೋಗುತ್ತಾರೆ, ಕಾರಿನಲ್ಲಿ ಹೊರಗೆ ಹೋಗುತ್ತಾರೆ. ನನ್ನ ಹತ್ತಿರ ಯಾರೂ ಕೇಳುವುದಿಲ್ಲ" ಎಂದ. ಚಹಾದ ದುಡ್ಡು ಕೊಟ್ಟು ಎದ್ದೆ.

ಹಿಂದಿರುಗುವ ದಾರಿಯಲ್ಲಿ ಅವಳು ನನ್ನನ್ನು ಒಂದು ಮಾತು ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅನ್ನಲಿಲ್ಲ. ಈವತ್ತಿನವರೆಗೂ ಅಂದಿಲ್ಲ. ತಂಗಿಯೂ ಅನ್ನಲಿಲ್ಲ, ಅವಳ ಎರಡನೆಯ ಮಗಳಿಗೆ ಸಂಬಂಧ ಬಂದಾಗ ಮನೆ ನೋಡಲು ಬೇರೆ ಯಾರನ್ನೋ ಕಳಿಸಿದಳು ಅಷ್ಟೆ. ಒಂದು ವರ್ಷ ಮನೆಯಲ್ಲಿದ್ದು ಸುಪ್ರಿಯಾ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲಸ ಹಿಡಿದಳು. ಹಲವು ಕೋರ್ಸುಗಳಿಗೆ ಮಕ್ಕಳನ್ನು ಸೇರಿಸಿಕೊಡುವ ಕಚೇರಿ. ಸಂಬಳ ಬರುತ್ತದೆ, ಅದರಿಂದ ಮನೆ ನಡೆಯುತ್ತದೆ. ಭಾವನಿಗೆ ಈಗ ಬೆನ್ನು ಬಗ್ಗುವುದಿಲ್ಲ, ಹುಲ್ಲಿನ ಕೆಲಸ ಬಿಟ್ಟಿದ್ದಾನೆ. ನಾನು ಮಾತ್ರ, ಒಳ್ಳೆಯದಾಯಿತು, ವಿದ್ಯೆ ವ್ಯರ್ಥವಾಗಲಿಲ್ಲ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಕಚೇರಿ ಅದೇ ಶಾಲೆಗೂ ಮಕ್ಕಳನ್ನು ಕಳಿಸುತ್ತದೆ ಎಂಬುದು ಗುರುವಾರದ ಕರಪತ್ರ ನೋಡುವ ತನಕ ನನಗೆ ಗೊತ್ತಿರಲಿಲ್ಲ.

ಅದೇ ಮಧ್ಯಾಹ್ನ ಅವಳ ಫೋನು ಬಂತು. "ಮಾವ, ಭಾನುವಾರ ಕಾರವಾರಕ್ಕೆ ಬನ್ನಿ. ಮೂರನೇ ಸಾಲಿನಲ್ಲಿ ನಿಮಗೆ ಕುರ್ಚಿ ಇಡ್ತೆ. ಕೇಣಿಯಿಂದ ಒಬ್ರು ಮಗಳನ್ನ ಕರ್ಕಂಡು ಬತ್ರು, ಅವರ ಬದಿಗೆ ಕೂತ್ಕಣಿ."

ತಾನು ಸಭೆಯಲ್ಲಿ ಮಾತಾಡುವುದನ್ನು ಮಾವ ನೋಡಲಿ ಎಂಬ ಆಸೆ ಇರಬೇಕು ಎಂದುಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋದೆ.

ಹೋಟೆಲಿನ ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಕೇಣಿಯವರ ಹೆಸರು ವೆಂಕಟ್ರಮಣ, ಮೀನುಗಾರರು. ನನ್ನನ್ನು ಬಸ್ ನಿಲ್ದಾಣದಲ್ಲಿ ನೋಡಿದ ಗುರುತು ಹಿಡಿದು, "ಕಂಟ್ರೋಲರ್ ಸಾಹೇಬ್ರಲ್ಲವೋ?" ಎಂದು ಪ್ರೀತಿಯಿಂದ ಕೈ ಹಿಡಿದರು. ಬೋಟಿನಲ್ಲಿದ್ದ ತಮ್ಮ ಪಾಲು ಮಾರುವ ಮಾತುಕತೆ ಆಗಿದೆಯಂತೆ. ಮಗಳು ಆಚೆ ಬದಿಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಸುಪ್ರಿಯಾ ಬಿಳಿ ಅಂಗಿಯಲ್ಲಿ ಬಂದು ನಿಂತಳು. ಪಕ್ಕದಲ್ಲೇ ಅವಳ ಮ್ಯಾನೇಜರ್ ಕೂತಿದ್ದ. ಅವಳು ಒಂದು ಸುಳ್ಳನ್ನೂ ಹೇಳಲಿಲ್ಲ, ನಾನು ಕಿವಿಗೊಟ್ಟು ಕೇಳಿದ್ದೇನೆ. ಇನ್ನೂರು ತಾಸು ಹಾರಬೇಕು ಎಂದಳು. ಶಾಲೆಯಲ್ಲಿ ಆರು ವಿಮಾನಗಳಿವೆ ಎಂದಳು. ನಮ್ಮ ಅಂಕೋಲೆಗೂ ವಿಮಾನ ನಿಲ್ದಾಣ ಬರಲಿದೆಯಂತೆ ಎಂದು ಮ್ಯಾನೇಜರ್ ಸೇರಿಸಿದ, ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಅವಳು ಮೂರನೆಯ ಸಾಲಿನ ಕಡೆ ನೋಡುತ್ತ, "ಪ್ರಶ್ನೆಗಳಿದ್ದರೆ ಕೇಳಿ. ನಮ್ಮನ್ನೇ ಕೇಳಬೇಕು ಅಂತಿಲ್ಲ. ಗೊತ್ತಿದ್ದವರು ಯಾರಾದರೂ ಪಕ್ಕದಲ್ಲಿದ್ದರೆ ಅವರನ್ನೂ ಕೇಳಿ" ಎಂದಳು.

ವೆಂಕಟ್ರಮಣ ನನ್ನ ಕಡೆ ವಾಲಿದರು. "ಸಾಹೇಬ್ರೆ, ಈ ಹುಡುಗಿ ನಿಮ್ಮ ಬದಿಯವ್ಳಂತೆ. ಹೇಳೂದು ನಂಬೂಕೆ ಅಡ್ಡಿಲ್ವೋ?"

ಶಾಲೆಯ ಬಗ್ಗೆ ಬಾಯಿ ಬಿಟ್ಟರೆ ಇವಳ ಸಂಬಳಕ್ಕೆ ಕಲ್ಲು ಬೀಳುತ್ತದೆ ಎಂದು ನನಗೆ ಭಯವಾಯಿತು. ಒಮ್ಮೆ ಹಾಳು ಮಾಡಿದವನು ಇನ್ನೊಮ್ಮೆ ಹಾಳು ಮಾಡಬಾರದು ಎಂದುಕೊಂಡೆ. "ಅಡ್ಡಿಲ್ಲ" ಎಂದೆ. "ಒಳ್ಳೇ ಹುಡುಗಿ. ಸುಳ್ಳು ಹೇಳೂದಿಲ್ಲ."

ಅವರಿಗೆ ಅಷ್ಟೇ ಬೇಕಾಗಿತ್ತು. ಎದ್ದು ಹೋಗಿ ಫಾರ್ಮಿಗೆ ಸಹಿ ಹಾಕಿದರು.

ಜನ ಕರಗಿದ ಮೇಲೆ ಸುಪ್ರಿಯಾ ಮೆಟ್ಟಿಲ ಹತ್ತಿರ ಬಂದಳು. "ಅವ್ರು ನಿಮ್ಮ ಹತ್ರ ಏನ ಕೇಳಿದ್ರು ಮಾವ?"

"ನಿನ್ನ ಬಗ್ಗೆ. ಒಳ್ಳೇದೇ ಹೇಳ್ದೆ" ಎಂದೆ, ಶಾಬಾಸ್ ಎನ್ನುತ್ತಾಳೆ ಎಂಬ ಹಾಗೆ.

"ನಾ ಹೇಳೂಕೆ ಆಗೂದಿಲ್ಲ ಅಂತೇ ನಿಮ್ಮನ್ನ ಅಲ್ಲಿ ಕೂರ್ಸಿದ್ದು" ಎಂದಳು. "ಅವ್ರು ಕೇಳೇ ಕೇಳ್ತ್ರು ಅಂತ ಗುತ್ತಿತ್ತು ನಂಗೆ. ಕೇಳಿದ್ರೂ ಹೇಳ್ಲಿಲ್ಲ ನೀವು." ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸು ತಪ್ಪಿದವರು ಕಂಟ್ರೋಲರನ ಮುಂದೆ ಬಂದು ಹೇಳುವ ಹಾಗೆ ಹೇಳಿ, ಕುರ್ಚಿ ಜೋಡಿಸಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕೇಣಿಗೆ ಹೋದೆ. ವೆಂಕಟ್ರಮಣ ಅಂಗಳದಲ್ಲಿ ಬಲೆ ಹರವಿಕೊಂಡು ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅರವತ್ತೊಂದು ತಾಸು, ಎಂಜಿನ್ ಇಲ್ಲದ ವಿಮಾನಗಳು, ಭಾವನ ಗದ್ದೆ, ನೋ ಸರ್ ಎಂದದ್ದು ಕೂಡ. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅವಳ ಮುಖ ಇಳಿಯುತ್ತ ಹೋಯಿತು. ಅವರು ನಡುವೆ ಬಾಯಿ ಹಾಕದೆ ಕೊನೆಯ ತನಕ ಕೇಳಿದರು.

"ಆ ಹುಡುಗಿ ನಿಮಗೆ ಏನಾಗ್ಬೇಕು?"

"ತಂಗಿ ಮಗಳು."

"ಅದನ್ನೂ ನಿನ್ನೆ ಹೇಳ್ಲಿಲ್ಲ." ಬಲೆಯ ದಾರವನ್ನು ಹಲ್ಲಿನಲ್ಲಿ ಕಡಿದು ಗಂಟು ಹಾಕಿದರು. "ನಿನ್ನೆ ನಾ ಕೇಳ್ದೆ, ನೀವು ಒಳ್ಳೇದು ಹೇಳಿದ್ರಿ. ಇವತ್ತು ನಾ ಕೇಳ್ಲಿಲ್ಲ, ನೀವೇ ಬಸ್ಸು ಹತ್ಕಂಡು ಬಂದು ಕೆಟ್ಟದ್ದು ಹೇಳ್ತ್ರಿ. ಸಂಬಂಧ ಮುರಿಯೂಕೆ ಬರೂ ಜನ ಹೀಂಗೇ ಬತ್ರು, ಸಾಹೇಬ್ರೆ. ನನ್ನ ಮಗಳು ಮುಂದೆ ಹೋಗೂದು ನಿಮಗೆ ಬ್ಯಾಡ ಆತೋ ಏನೋ, ನಂಗೆ ಹೆಂಗೆ ಗುತ್ತಾಗ್ಬೇಕು?"

ಹಾಗೆ ತಾವಾಗಿಯೇ ಬಂದು ಹೇಳಿದವರ ಮಾತನ್ನು ನಾನೂ ನಂಬಿದವನಲ್ಲ. ಅಂಥವರನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದ್ದೇನೆ. ವೆಂಕಟ್ರಮಣ ಅಷ್ಟು ಮಾಡಲಿಲ್ಲ, ಕೂರಿಸಿ ಚಹಾ ಕುಡಿಸಿ ಕಳಿಸಿದರು.